ಕಲ್ಲಚ್ಚಿನ ಪತ್ರಿಕೆ

ಜುಲೈ 1 ನಮ್ಮ ನಾಡಿನಲ್ಲಿ ಪತ್ರಿಕಾ ದಿನ. ಅಂದು ಸಭೆ, ಸನ್ಮಾನ, ಹಾರ-ತುರಾಯಿ ಎಲ್ಲ ನಡೆಯುತ್ತವೆ. ಆದರೆ 1843ರ ಆ ದಿನ ಮಂಗಳೂರಿನಲ್ಲಿ ಹೊರಬಿದ್ದದ್ದು ಬರೀ ನಾಲ್ಕು ಪುಟ. ಅದೇ ಕನ್ನಡದ ಮೊದಲ ಪತ್ರಿಕೆ, ‘ಮಂಗಳೂರ ಸಮಾಚಾರ’. ವಾರಪತ್ರಿಕೆಯೂ ಅಲ್ಲ, ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು.

ಆಗಿನ ಮಂಗಳೂರು ಮದ್ರಾಸ್ ಪ್ರಾಂತ್ಯದ ಕೆನರಾ ಜಿಲ್ಲೆಯ ಒಂದು ಸಣ್ಣ ಬಂದರು ಪಟ್ಟಣ. ರೈಲಿಲ್ಲ, ತಂತಿಯಿಲ್ಲ. ಮಳೆಗಾಲ ಹಿಡಿಯಿತೆಂದರೆ ಹಾಯಿಹಡಗುಗಳೂ ಬರುವಂತಿಲ್ಲ. ಬ್ರಿಟಿಷರ ವಿರುದ್ಧ ದಂಗೆಯೆದ್ದ ಕಲ್ಯಾಣಪ್ಪನ ದಂಡು ಊರೊಳಗೆ ನುಗ್ಗಿ ಆರು ವರ್ಷವಷ್ಟೇ ಕಳೆದಿತ್ತು. ಗಾಳಿಸುದ್ದಿಗೆ ಬರವಿಲ್ಲದ ಕಾಲ. ಬರವಿದ್ದದ್ದು ಅಚ್ಚಾದ ಸುದ್ದಿಗೆ. ಹೊರಗೆ ಜಡಿಮಳೆ ಹೊಯ್ಯುವ ತಿಂಗಳಲ್ಲೇ ಪತ್ರಿಕೆ ಹೊರಡಿಸಿದ ಸಂಪಾದಕರ ಧೈರ್ಯವನ್ನು ಮೆಚ್ಚಬೇಕು.

ಆ ಸಂಪಾದಕ ಹರ್ಮನ್ ಮೋಗ್ಲಿಂಗ್. ಜರ್ಮನಿಯವರು, ಬಾಸೆಲ್ ಮಿಷನ್ನಿನ ಪಾದ್ರಿ, 1836ರಲ್ಲಿ ಇಲ್ಲಿಗೆ ಬಂದವರು. ಮತಪ್ರಚಾರವೇ ಅವರ ಕೆಲಸವಾದರೂ ಪತ್ರಿಕೆಯನ್ನು ಬರೀ ಉಪದೇಶಕ್ಕೆ ಮೀಸಲಿಡಲಿಲ್ಲ. ಊರ ವರ್ತಮಾನ, ಸರಕಾರದ ನಿರೂಪಗಳು, ಪರರಾಜ್ಯದ ಸಂಗತಿಗಳು, ಅಚ್ಚರಿಯ ಸುದ್ದಿ, ಕಥೆ, ನೀತಿಮಾತು ಎಲ್ಲಕ್ಕೂ ಜಾಗವಿತ್ತು. ಇವತ್ತಿಗೂ ತಾಲ್ಲೂಕು ಕೇಂದ್ರದ ಯಾವುದೇ ವಾರಪತ್ರಿಕೆ ಬಿಡಿಸಿ ನೋಡಿ, ಹೆಚ್ಚುಕಡಿಮೆ ಇದೇ ಅಡುಗೆ.

ಇನ್ನು ಅಚ್ಚಿನ ವಿಷಯ. ಅಚ್ಚುಮೊಳೆ ಮಂಗಳೂರಿಗೆ ಇನ್ನೂ ಬಂದಿರಲಿಲ್ಲ. 1841ರಲ್ಲಿ ವೈಗ್ಲೆ ಎಂಬ ಪಾದ್ರಿ ಮುಂಬಯಿಯಿಂದ ತಂದ ಕಲ್ಲಚ್ಚಿನ ಯಂತ್ರವೇ ಗತಿ. ಕಲ್ಲಚ್ಚಿನಲ್ಲಿ ಮೊಳೆ ಜೋಡಿಸುವುದಿಲ್ಲ, ಅಕ್ಷರ ಬರೆಯಬೇಕು. ಜಿಡ್ಡಿನ ಶಾಯಿಯಲ್ಲಿ ಬರೆದದ್ದನ್ನು ನುಣುಪಾದ ಸುಣ್ಣಕಲ್ಲಿನ ಮೇಲೆ ಮೂಡಿಸುತ್ತಾರೆ. ಆಮೇಲೆ ಕಲ್ಲಿಗೆ ನೀರು ಸವರಿ ಶಾಯಿಯ ಉರುಳೆ ಆಡಿಸಿದರೆ, ಒದ್ದೆ ಜಾಗ ಶಾಯಿಯನ್ನು ಒಲ್ಲೆ ಎನ್ನುತ್ತದೆ, ಜಿಡ್ಡಿನ ಅಕ್ಷರ ಮಾತ್ರ ಹಿಡಿದುಕೊಳ್ಳುತ್ತದೆ. ಕಾಗದ ಹಾಸಿ ಒತ್ತಿದರೆ ಒಂದು ಪ್ರತಿ. ಮತ್ತೆ ನೀರು, ಮತ್ತೆ ಶಾಯಿ. ಸಂಚಿಕೆ ಮುಗಿದ ಮೇಲೆ ಕಲ್ಲನ್ನು ಉಜ್ಜಿ ಅಕ್ಷರ ಅಳಿಸಿದರೆ, ಮುಂದಿನ ಪಕ್ಷದ ಸುದ್ದಿಗೆ ಅದೇ ಕಲ್ಲು. ಓದುಗ ಓದುತ್ತಿದ್ದದ್ದು ಯಾರೋ ಲಿಪಿಕಾರನ ಕೈಬರಹವನ್ನೇ.

ಕನ್ನಡದ ಒತ್ತಕ್ಷರಗಳಿಗೆ ಈ ಕ್ರಮ ಚೆನ್ನಾಗಿಯೇ ಒಗ್ಗುತ್ತದೆ, ಬರೆಯಬಲ್ಲದ್ದೆಲ್ಲ ಅಚ್ಚಾಗುತ್ತದೆ. ಮೊಳೆ ಎರಕ ಹೊಯ್ಯಿಸುವ ಖರ್ಚೂ ಇಲ್ಲ. ಸಣ್ಣ ಊರಲ್ಲೊಂದು ಪತ್ರಿಕೆ ಹುಟ್ಟಲು ಸಾಧ್ಯವಾದದ್ದೇ ಇದರಿಂದ ಎಂದು ನನ್ನ ಎಣಿಕೆ. ಅದು ಊರು ಬಿಡಬೇಕಾದದ್ದೂ ಇದರಿಂದಲೇ. ಓದುಗರು ಘಟ್ಟದ ಮೇಲೂ ಹುಟ್ಟಿಕೊಂಡರು, ಕಲ್ಲು ಸಾಲದಾಯಿತು. ಬಳ್ಳಾರಿಯಲ್ಲಿ ಮೊಳೆ ಅಚ್ಚಿನ ಮುದ್ರಣಾಲಯವಿತ್ತು. ಕನ್ನಡ ಸೀಮೆಗೆ ಆ ಊರು ನಡುವೆಯೂ ಆಗುತ್ತಿತ್ತು. 1844ರ ಫೆಬ್ರವರಿ 15ರ ಸಂಚಿಕೆ, ಅಂದರೆ ಹದಿನಾರನೆಯದು, ಮಂಗಳೂರಿನ ಕೊನೆಯ ಸಂಚಿಕೆ. ಆಮೇಲೆ ಬಳ್ಳಾರಿಯಲ್ಲಿ ಹೊರಟಾಗ ಅದರ ಹೆಸರು ‘ಕನ್ನಡ ಸಮಾಚಾರ’.

ಮೋಗ್ಲಿಂಗರು ಅಚ್ಚಿನ ಗೀಳು ಬಿಡಲಿಲ್ಲ. ನಿವೃತ್ತ ನ್ಯಾಯಾಧೀಶ ಕಾಸಾಮೇಜರ್ ಹಣ ಕೊಟ್ಟರು. 1848ರಿಂದ ಕೆಲವು ವರ್ಷ, ಸುದ್ದಿಗೆ ಸಾಲದೆಹೋಗಿದ್ದ ಮಂಗಳೂರಿನ ಕಲ್ಲಚ್ಚಿನಲ್ಲೇ ಹಳೆಯ ಕಾವ್ಯಗಳನ್ನು ಅಚ್ಚು ಹಾಕಿಸಿದರು: ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು. ಅವಕ್ಕೆ ಹದಿನೈದು ದಿನದ ಗಡುವೇನೂ ಇರಲಿಲ್ಲವಲ್ಲ.