ಯಜಮಾನನ ಒಪ್ಪಿಗೆಯಿಂದ ಇಬ್ಬರ ಸಮ್ಮತಿಯವರೆಗೆ



ಸಲಿಂಗ ವಿವಾಹವು ನಮ್ಮ ಮನೆಗಳಲ್ಲಿ ಊಟದ ಹೊತ್ತಿಗೆ ಮಾತನಾಡುವ ವಿಷಯವಲ್ಲ. ಆದರೆ ಈ ನಾಡಿನಲ್ಲಿ ಬೆಳೆಯುತ್ತಿರುವ ಮಕ್ಕಳು ನಾಳೆ ಅದರ ಬಗ್ಗೆ ಕೇಳಿದರೆ, ತಿಳಿದು ಉತ್ತರಿಸುವುದು ಹಿರಿಯರಾದ ನಮ್ಮ ಧರ್ಮ.

ಜಪಾನಿನಲ್ಲಿ ಈ ವಾದವೆಲ್ಲ ಸಂವಿಧಾನದ ೨೪ನೆಯ ವಿಧಿಯ ಸುತ್ತ ನಡೆದಿದೆ. ೧೮೯೮ರ ಹಳೆಯ ಕಾನೂನಿನಂತೆ ಮದುವೆಗೆ ಮನೆಯ ಯಜಮಾನನ ಒಪ್ಪಿಗೆ ಬೇಕಿತ್ತು. ಗಂಡಿಗೆ ಮೂವತ್ತು, ಹೆಣ್ಣಿಗೆ ಇಪ್ಪತ್ತೈದು ತುಂಬುವವರೆಗೆ ತಂದೆತಾಯಿಯರ ಒಪ್ಪಿಗೆಯೂ ಬೇಕಿತ್ತು. ೧೯೪೭ರಲ್ಲಿ ಜಾರಿಗೆ ಬಂದ ಸಂವಿಧಾನವು, ಎರಡೂ ಲಿಂಗದವರ ಪರಸ್ಪರ ಸಮ್ಮತಿಯೊಂದೇ ವಿವಾಹಕ್ಕೆ ಆಧಾರವೆಂದು ಸಾರಿ ಈ ಕಟ್ಟನ್ನು ಬಿಚ್ಚಿತು. ಇದರ ಕರಡು ಬರೆದವರಲ್ಲಿ ಇಪ್ಪತ್ತೆರಡು ವರ್ಷದ ಬೀಟೆ ಸಿರೋಟಾ ಒಬ್ಬರು. ಅವರೂ ಪರದೇಶದ ದಂಪತಿಗಳ ಮಗಳಾಗಿ ಟೋಕಿಯೋದಲ್ಲಿ ಬೆಳೆದವರೆಂಬುದನ್ನು ನೆನೆಯಬೇಕು.

ಬಿಡುಗಡೆಗಾಗಿ ಬರೆದ ಆ ವಾಕ್ಯದ 'ಎರಡೂ ಲಿಂಗದವರ' ಎಂಬ ಮಾತೇ ಮುಂದೆ ಸಲಿಂಗಿಗಳಿಗೆ ಅಡ್ಡಗೋಡೆಯಾಯಿತು. ೨೦೨೧ರ ಮಾರ್ಚ್ ೧೭ರಂದು ಸಪ್ಪೊರೊ ಜಿಲ್ಲಾ ನ್ಯಾಯಾಲಯವು ಅವರಿಗೆ ವಿವಾಹದ ಯಾವ ಫಲವನ್ನೂ ನೀಡದಿರುವುದು ಸಮಾನತೆಗೆ ವಿರುದ್ಧವೆಂದಿತು. ೨೦೨೨ರಲ್ಲಿ ಒಸಾಕಾ ಜಿಲ್ಲಾ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ೨೦೨೪ರ ಮಾರ್ಚ್ ೧೪ರಂದು ಸಪ್ಪೊರೊ ಉಚ್ಚ ನ್ಯಾಯಾಲಯವು ೨೪ನೆಯ ವಿಧಿಯೇ ಸಲಿಂಗಿಗಳ ವಿವಾಹಸ್ವಾತಂತ್ರ್ಯವನ್ನೂ ಕಾಯುತ್ತದೆಂದು ಸಾರಿತು. ೨೦೨೫ರ ಮಾರ್ಚ್ ವೇಳೆಗೆ ಐದು ಉಚ್ಚ ನ್ಯಾಯಾಲಯಗಳು ಇಂದಿನ ಕಾನೂನನ್ನು ಸಂವಿಧಾನಬಾಹಿರವೆಂದವು. ಅದೇ ನವೆಂಬರ್ ೨೮ರಂದು ಟೋಕಿಯೋ ಉಚ್ಚ ನ್ಯಾಯಾಲಯದ ಇನ್ನೊಂದು ಪೀಠ ಮಾತ್ರ ವ್ಯತಿರಿಕ್ತ ತೀರ್ಪಿತ್ತಿತು. ಕೊನೆಯ ಮಾತು ಸರ್ವೋಚ್ಚ ನ್ಯಾಯಾಲಯದ್ದು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಭಾರತದ ಸಂವಿಧಾನ ನೂರಕ್ಕೂ ಹೆಚ್ಚು ಬಾರಿ ತಿದ್ದುಪಡಿ ಕಂಡಿದೆ. ಜಪಾನಿನದು ಜಾರಿಗೆ ಬಂದಂದಿನಿಂದ ಒಂದಕ್ಷರವೂ ಬದಲಾಗಿಲ್ಲ. ಬದಲಾದದ್ದು ಅದನ್ನು ಓದುವ ಕಣ್ಣು.

ಎದೊಗಾವಾ ವಾರ್ಡ್ ೨೦೧೯ರ ಏಪ್ರಿಲ್‌ನಿಂದ, ಟೋಕಿಯೋ ಮಹಾನಗರ ೨೦೨೨ರ ನವೆಂಬರ್‌ನಿಂದ ಸಲಿಂಗ ಜೋಡಿಗಳ ಸಹಜೀವನವನ್ನು ದಾಖಲಿಸುತ್ತಿವೆ. ಸರ್ಕಾರಿ ವಸತಿಗೆ ಅರ್ಜಿ ಹಾಕುವಾಗ ಆ ಪತ್ರ ನೆರವಾದೀತು. ಆದರೆ ಸಂಗಾತಿಯ ಆಸ್ತಿಗೆ ವಾರಸುದಾರಿಕೆಯನ್ನು ಅದು ಕೊಡದು. ನಮ್ಮ ದೇಶದಲ್ಲಿ ೨೦೧೮ರ ತೀರ್ಪು ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ೨೦೨೩ರ ಅಕ್ಟೋಬರ್ ೧೭ರಂದು ಸರ್ವೋಚ್ಚ ನ್ಯಾಯಾಲಯ ವಿವಾಹದ ಪ್ರಶ್ನೆಯನ್ನು ಶಾಸಕಾಂಗಕ್ಕೆ ಬಿಟ್ಟಿತು.

ಬಂಧುಗಳೆ, ಜಾತಕ, ಕುಲ, ಹಿರಿಯರ ಒಪ್ಪಿಗೆ ಎಲ್ಲವನ್ನೂ ನೋಡಿ ಮದುವೆ ಮಾಡುವವರು ನಾವು. ಯಜಮಾನನ ಒಪ್ಪಿಗೆಯಿಲ್ಲದ ಮದುವೆಯೂ ಒಂದು ಕಾಲದಲ್ಲಿ ಈ ನಾಡಿಗೆ ಊಹಿಸಲಾರದ ಮಾತಾಗಿತ್ತು. ಸಲಿಂಗ ವಿವಾಹವನ್ನು ಇಂದೇ ಒಪ್ಪಿರೆಂದು ನಾನು ಹೇಳುತ್ತಿಲ್ಲ. ಆದರೆ ಕೇಳುವ ಮಗು ಪರರ ಸುದ್ದಿಯನ್ನಲ್ಲ, ತನ್ನದೇ ಬಾಳನ್ನು ಕುರಿತು ಕೇಳುತ್ತಿರಬಹುದು. ನ್ಯಾಯಾಲಯ ತೀರ್ಪು ಕೊಡುವವರೆಗೆ ಕಾಯಬಹುದು. ಮಗುವಿಗೆ ಕಿವಿಗೊಡಲು ಕಾಯಬೇಕಿಲ್ಲ.