ಮಣ್ಣು, ಅಚ್ಚು, ಎರಕ

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ವೃತ್ತಿ ಪರಿಚಯ ಪ್ರದರ್ಶನದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಬರಹರೂಪ)



ಪ್ರದರ್ಶನದ ಕೊಠಡಿಯಲ್ಲಿರುವ ಬೆಳ್ಳಿಬಣ್ಣದ ಶಿರಸ್ತ್ರಾಣವನ್ನು ತಾವೆಲ್ಲರೂ ನೋಡಿದ್ದೀರಿ. ಒಂಬತ್ತನೆಯ ತರಗತಿಯ ಮಕ್ಕಳು ತಮ್ಮ ವಿಜ್ಞಾನ ನಾಟಕದ ಅಂತರಿಕ್ಷಯಾತ್ರಿಗಾಗಿ ಅದನ್ನು ಸಿದ್ಧಪಡಿಸಿದ್ದಾರೆ. ಪೇಟೆಯಿಂದ ತಂದದ್ದೇ ಎಂದು ಕೆಲವರು ವಿಚಾರಿಸಿದರು. ಇದರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಏನು ಪ್ರಯೋಜನ ಎಂದು ಇನ್ನು ಕೆಲವರು ಕೇಳಿದರು. ಮೊದಲನೆಯ ಪ್ರಶ್ನೆ ನಮಗೆ ಸಂತೋಷವನ್ನುಂಟುಮಾಡಿತು. ಎರಡನೆಯದು ನ್ಯಾಯವಾದ ಪ್ರಶ್ನೆ. ಅದಕ್ಕೆ ಸಮಾಧಾನ ಹೇಳಬೇಕಾದುದು ನಮ್ಮ ಕರ್ತವ್ಯ.

ಇಂತಹ ಶಿರಸ್ತ್ರಾಣಗಳಲ್ಲಿ ಲೋಕಪ್ರಸಿದ್ಧವಾದುದು 1977ರಲ್ಲಿ ತೆರೆಕಂಡ ‘ಸ್ಟಾರ್ ವಾರ್ಸ್’ ಚಲನಚಿತ್ರದ ಬಿಳಿಯ ಸೈನಿಕರದು. ಚಿತ್ರಕಾರ ರಾಲ್ಫ್ ಮೆಕ್ವಾರಿ ಅದರ ಕಲ್ಪನೆಯನ್ನು ವರ್ಣಚಿತ್ರವಾಗಿ ಬರೆದರು. 1976ರಲ್ಲಿ ಲಂಡನ್ನಿನಲ್ಲಿ ಆ ಚಿತ್ರವನ್ನು ನೋಡಿ ಜೇಡಿಮಣ್ಣಿನಲ್ಲಿ ಮಾದರಿ ತಯಾರಾಯಿತು. ನಿರ್ದೇಶಕರಿಗೆ ಒಪ್ಪಿಗೆಯಾಗುವವರೆಗೆ ಅದನ್ನು ಹಲವು ಬಾರಿ ತಿದ್ದಲಾಯಿತು. ಬಳಿಕ ಆಂಡ್ರ್ಯೂ ಐನ್ಸ್‌ವರ್ತ್ ಎಂಬ ಕುಶಲಕರ್ಮಿ ಪ್ಲಾಸ್ಟಿಕ್ ಹಾಳೆಯಿಂದ 50 ಶಿರಸ್ತ್ರಾಣಗಳನ್ನು ತಯಾರಿಸಿಕೊಟ್ಟರು. ಹಾಳೆಯನ್ನು ಮೆತ್ತಗಾಗುವಂತೆ ಕಾಯಿಸಿ, ಅಚ್ಚಿನ ಮೇಲೆ ಹೊದಿಸಿ, ಅಡಿಯಿಂದ ಗಾಳಿಯನ್ನು ಹೀರಿ ತೆಗೆಯುವುದು ಅವರ ವಿಧಾನ. ಹಾಳೆಯನ್ನು ಅಚ್ಚಿಗೆ ಒತ್ತುವುದು ಯಂತ್ರವಲ್ಲ, ನಮ್ಮ ಸುತ್ತಲಿನ ವಾಯುಮಂಡಲ. ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಭಾರದಷ್ಟಿರುವ ಆ ಒತ್ತಡವನ್ನು ಮಕ್ಕಳು ಪಾಠಪುಸ್ತಕದಲ್ಲಿ ಓದಿದ್ದಾರೆ. ಅದು ಒಂದು ವಸ್ತುವಿಗೆ ರೂಪ ಕೊಡಬಲ್ಲದೆಂಬುದು ಅವರಿಗೆ ಹೊಸತಾಗಿತ್ತು.

ಆದರೆ ಈ ವಿದ್ಯೆ ನಮ್ಮ ನಾಡಿಗೆ ಹೊಸತಲ್ಲ. ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಉದುರುವ ಹಾಳೆಯನ್ನು ನೀರಿನಲ್ಲಿ ನೆನೆಸಿ, ಕಾದ ಅಚ್ಚುಗಳ ನಡುವೆ ಒತ್ತಿ ಊಟದ ತಟ್ಟೆ ಮಾಡುವುದನ್ನು ತಾವೆಲ್ಲ ಕಂಡವರೇ. ಹಾಳೆಯನ್ನು ಮೆತ್ತಗೆ ಮಾಡುವುದು, ಅಚ್ಚಿಗೆ ಒಗ್ಗಿಸುವುದು, ಆ ರೂಪದಲ್ಲೇ ಬಿಗಿಯಾಗಲು ಬಿಡುವುದು: ತತ್ತ್ವ ಒಂದೇ. ನೆರೆಯ ಕಣ್ಣೂರು ಜಿಲ್ಲೆಯ ಕುಂಞಿಮಂಗಲದಲ್ಲಿ ಕಂಚಿನ ಎರಕದವರು ಇಂದಿಗೂ ಮೇಣದಲ್ಲಿ ಮೂರ್ತಿಯನ್ನು ರೂಪಿಸಿ, ಅದರ ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಕರಗಿಸಿ ತೆಗೆದು, ಆ ಜಾಗಕ್ಕೆ ಲೋಹವನ್ನು ಹೊಯ್ಯುತ್ತಾರೆ. ನಮ್ಮ ಯಕ್ಷಗಾನದ ಕಿರೀಟವೂ ಒಂದು ಶಿರಸ್ತ್ರಾಣವೇ. ರಾತ್ರಿಯಿಡೀ ಕುಣಿಯುವವನ ತಲೆಗೆ ಭಾರವಾಗದೆ, ದೂರದಲ್ಲಿ ಕುಳಿತವನ ಕಣ್ಣಿಗೆ ಭವ್ಯವಾಗಿ ಕಾಣುವಂತೆ ಅದನ್ನು ಹಗುರವಾದ ಮರದಲ್ಲಿ ಕೆತ್ತಿದವರು ಯಾವ ತಂತ್ರಜ್ಞನಿಗೂ ಕಡಿಮೆಯವರಲ್ಲ.

ನಮ್ಮ ಮಕ್ಕಳು ಚಲನಚಿತ್ರದ ರೂಪವನ್ನು ನಕಲು ಮಾಡಲಿಲ್ಲ. ತೋಟದ ಕೆಲಸದವರು ತಲೆಗಿಡುವ ಹಾಳೆಯ ಮುಟ್ಟಾಳೆಯ ಆಕಾರವನ್ನೇ ನೆತ್ತಿಯ ಭಾಗಕ್ಕೆ ಆಯ್ದುಕೊಂಡರು. ಮೊದಲು ಅಳತೆಯ ಲೆಕ್ಕ ಬಂತು. ನಟನ ತಲೆಯ ಸುತ್ತಳತೆ 54 ಸೆಂಟಿಮೀಟರ್. ಒಳಗೆ ಮೆತ್ತೆಗೂ ಗಾಳಿಗೂ ಎಲ್ಲ ಕಡೆ 2 ಸೆಂಟಿಮೀಟರ್ ಎಡೆ ಬಿಡಬೇಕು. ಹಾಗಾದರೆ ಶಿರಸ್ತ್ರಾಣದ ಒಳಸುತ್ತು ಎಷ್ಟು? 56 ಎಂದರು ಕೆಲವರು, 58 ಎಂದರು ಕೆಲವರು. ತ್ರಿಜ್ಯ 2 ಹೆಚ್ಚಿದಾಗ ಪರಿಧಿ 12.56 ಹೆಚ್ಚುತ್ತದೆಂದು ಅವರೇ ಕರಿಹಲಗೆಯ ಮೇಲೆ ಲೆಕ್ಕ ಹಾಕಿ, ಅರುವತ್ತಾರೂವರೆ ಎಂಬ ಉತ್ತರಕ್ಕೆ ಬಂದರು. ಪೈ ಎಂಬ ಸಂಖ್ಯೆಯನ್ನು ಆ ಮಕ್ಕಳು ಇನ್ನು ಮರೆಯಲಾರರು.

ಮುಂದೆ ಕುಂಬಾರರ ಮಣ್ಣಿನಲ್ಲಿ ಮಾದರಿ. ಜೇಡಿಮಣ್ಣು ಒಣಗಿದಂತೆ ಕುಗ್ಗಿ ಬಿರಿಯುವುದರಿಂದ ಅದಕ್ಕೆ ಸದಾ ಒದ್ದೆ ಬಟ್ಟೆಯನ್ನು ಹೊದಿಸಿಟ್ಟರು. ಮಾದರಿಯಲ್ಲಿ ಒಳಸರಿದ ಮೂಲೆಗಳಿದ್ದರೆ ಗಟ್ಟಿಯಾದ ಅಚ್ಚು ಅಲ್ಲಿ ಸಿಕ್ಕಿಕೊಂಡು ಬಿಡಿಸಲಾಗದು. ಆದುದರಿಂದ ಎರಡು ಕಿವಿಗಳನ್ನೂ ನೆತ್ತಿಯನ್ನೂ ಕೂಡಿಸುವ ಗೆರೆಯಲ್ಲಿ ಮಣ್ಣಿನ ತೆಳು ಗೋಡೆಯನ್ನು ಕಟ್ಟಿ, ಮುಂಭಾಗ ಹಿಂಭಾಗಗಳೆಂಬ ಎರಡು ಪಾಲಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಅಚ್ಚು ತೆಗೆದರು. ಜಿಪ್ಸಮ್ಮನ್ನು ಹದವಾಗಿ ಕಾಯಿಸಿದಾಗ ಅದರೊಳಗಿನ ನೀರಿನ ಮುಕ್ಕಾಲು ಪಾಲು ಹೋಗಿ ಈ ಪುಡಿ ದೊರೆಯುತ್ತದೆ. ಮತ್ತೆ ನೀರು ಸೇರಿಸಿದರೆ ಅದು ಜಿಪ್ಸಮ್ಮಾಗಿ ಗಟ್ಟಿಯಾಗುತ್ತದೆ, ಆಗ ಬಿಸಿ ಹೊರಬರುತ್ತದೆ. ಈ ಬಿಸಿಯನ್ನು ಲಘುವಾಗಿ ಎಣಿಸಬಾರದು. 2007ರಲ್ಲಿ ಇಂಗ್ಲೆಂಡಿನ ಶಾಲೆಯೊಂದರಲ್ಲಿ ಕಲಾಪಾಠದ ವೇಳೆ ಹೆಣ್ಣುಮಗಳೊಬ್ಬಳು ತನ್ನ ಕೈಗಳ ಅಚ್ಚು ತೆಗೆಯಲು ಅವನ್ನು ಪ್ಲಾಸ್ಟರಿನಲ್ಲಿ ಇರಿಸಿ, ಸುಟ್ಟಗಾಯಗಳಿಂದ ಬೆರಳುಗಳನ್ನು ಕಳೆದುಕೊಂಡಳು. ಆದ್ದರಿಂದ ದೇಹದ ಯಾವ ಭಾಗವನ್ನೂ ಪ್ಲಾಸ್ಟರಿನಲ್ಲಿ ಇಡಕೂಡದೆಂಬುದು ನಮ್ಮಲ್ಲಿ ಕಟ್ಟುನಿಟ್ಟಿನ ನಿಯಮ. ಹವ್ಯಾಸಿಗಳು ಬಳಸುವ ರೆಸಿನ್ ಮತ್ತು ಗಾಜಿನ ನಾರನ್ನೂ ನಾವು ಶಾಲೆಯೊಳಗೆ ತರಲಿಲ್ಲ. ಅದರ ಆವಿ, ಧೂಳು ಮಕ್ಕಳಿಗೆ ತಕ್ಕುದಲ್ಲ.

ಹಾಗಾಗಿ ಎರಕಕ್ಕೆ ನಾವು ಆಯ್ದುಕೊಂಡದ್ದು ಕಾಗದ. ಅಚ್ಚಿನ ಒಳಮೈಗೆ ವ್ಯಾಸಲೀನ್ ಸವರಿ, ಮೈದಾ ಅಂಟಿನಲ್ಲಿ ಅದ್ದಿದ ಪತ್ರಿಕೆಯ ಚೂರುಗಳನ್ನು ಎಂಟು ಪದರಗಳಾಗಿ ಹಚ್ಚಿದರು. ಇಲ್ಲಿ ಒಂದು ತೊಡಕಿದೆ. ಒದ್ದೆ ಕಾಗದದ ಮೇಲೆ ಒದ್ದೆ ಕಾಗದ ಹಚ್ಚುವಾಗ ಎಲ್ಲಿ ಪದರ ಮುಗಿಯಿತು, ಎಲ್ಲಿ ಬಿಟ್ಟುಹೋಯಿತು ಎಂದು ತಿಳಿಯುವುದಿಲ್ಲ. ಬಿಟ್ಟುಹೋದ ಜಾಗ ಒಣಗಿದ ಮೇಲೆ ಕುಸಿಯುತ್ತದೆ. ಇದಕ್ಕೆ ಮಕ್ಕಳು ಕಂಡುಕೊಂಡ ಉಪಾಯ ನಮ್ಮ ಊರಿಗೇ ತಕ್ಕುದಾಗಿತ್ತು. ಒಂದು ಪದರಕ್ಕೆ ಕನ್ನಡ ಪತ್ರಿಕೆ, ಅದರ ಮೇಲಿನದಕ್ಕೆ ಮಲಯಾಳ ಪತ್ರಿಕೆ. ಕನ್ನಡ ಅಕ್ಷರ ಎಲ್ಲಿಯಾದರೂ ಇಣುಕಿದರೆ ಅಲ್ಲಿ ಮಲಯಾಳದ ಪದರ ಕೂಡಿಲ್ಲವೆಂದು ತಿಳಿಯುತ್ತಿತ್ತು. ದಿನಕ್ಕೆ ಎರಡೇ ಪದರ, ಬಳಿಕ ಬಿಸಿಲು. ಆತುರಪಟ್ಟರೆ ಕರಾವಳಿಯ ಹವೆಗೆ ಒಳಗೆ ಬೂಷ್ಟು ಹಿಡಿಯುತ್ತದೆ. ಎರಡು ಲಿಪಿಗಳನ್ನೂ ಓದಬಲ್ಲ ಮಕ್ಕಳಿಗಲ್ಲದೆ ಈ ಉಪಾಯ ಬೇರೆ ಯಾರಿಗೆ ಸುಲಭವಾಗಿ ಹೊಳೆದೀತು?

ಕನ್ನಡದಲ್ಲಿ ಕಲಿತರೆ ಆಧುನಿಕ ವಿದ್ಯೆ ದೂರವಾಗುವುದೆಂಬ ಅಂಜಿಕೆ ಹೆತ್ತವರಲ್ಲಿದೆ. ಅದು ನಮಗೆ ಗೊತ್ತಿದೆ. ನಮ್ಮ ಹಾಜರಿ ಪುಸ್ತಕಗಳು ವರ್ಷದಿಂದ ವರ್ಷಕ್ಕೆ ತೆಳ್ಳಗಾಗುವುದನ್ನು ಕಂಡವರು ನಾವು. ಈ ಕೆಲಸದುದ್ದಕ್ಕೂ ಮಕ್ಕಳ ಬಾಯಲ್ಲಿದ್ದ ಮಾತುಗಳನ್ನು ನೆನೆಯಿರಿ: ಹದ, ಅಚ್ಚು, ಪದರ, ಎರಕ, ಒರೆ, ಬಿಗಿ, ಸಡಿಲ. ಯಾವುದನ್ನೂ ಅವರು ನಿಘಂಟಿನಿಂದ ಹುಡುಕಿ ತರಬೇಕಾಗಲಿಲ್ಲ. ಪ್ಲಾಸ್ಟರ್, ವ್ಯಾಸಲೀನ್ ಎಂಬ ಮಾತುಗಳೂ ಅವುಗಳ ಪಕ್ಕದಲ್ಲಿ ನಿರಾತಂಕವಾಗಿ ಕುಳಿತವು. ವಿಜ್ಞಾನಕ್ಕೆ ಭಾಷೆಯ ಅಡ್ಡಿ ಬರಲಿಲ್ಲ. ಅಡ್ಡಿ ಬರುವುದಿದ್ದರೆ ಅದು ಕೈಗೆ ಕೆಲಸವಿಲ್ಲದಿರುವುದರಿಂದ.

ಮತ್ತೊಂದು ಸಂಗತಿಯನ್ನೂ ಮಕ್ಕಳೊಡನೆ ಚರ್ಚಿಸಿದೆವು. ಐನ್ಸ್‌ವರ್ತ್ ಅವರು ಹಲವು ವರ್ಷಗಳ ಬಳಿಕ ಶಿರಸ್ತ್ರಾಣಗಳನ್ನು ಮತ್ತೆ ತಯಾರಿಸಿ ಮಾರಿದಾಗ ಚಿತ್ರ ಸಂಸ್ಥೆ ಮೊಕದ್ದಮೆ ಹೂಡಿತು. ಶಿರಸ್ತ್ರಾಣವು ಶಿಲ್ಪವೇ, ಅಲ್ಲವೇ ಎಂಬ ಪ್ರಶ್ನೆ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಅಲ್ಲಿನ ಕೃತಿಸ್ವಾಮ್ಯ ಕಾನೂನಿನ ದೃಷ್ಟಿಯಿಂದ ಅದು ಶಿಲ್ಪವಲ್ಲ, ಚಲನಚಿತ್ರದ ನಿರ್ಮಾಣಕ್ಕೆ ಬಳಕೆಯಾದ ಉಪಕರಣ, ಕಲಾಕೃತಿ ಎನ್ನಬೇಕಾದುದು ಚಲನಚಿತ್ರವನ್ನೇ ಎಂದು 2011ರ ಜುಲೈ 27ರಂದು ನ್ಯಾಯಾಲಯ ತೀರ್ಪಿತ್ತಿತು. ತೀರ್ಪಿನ ನ್ಯಾಯಾನ್ಯಾಯ ನಮ್ಮ ವಿಷಯವಲ್ಲ. ಆದರೆ ಒಂದು ವಸ್ತುವಿನಲ್ಲಿ ಚಿತ್ರ ಬರೆದವರ, ಮಣ್ಣು ತಿದ್ದಿದವರ, ಅಚ್ಚು ತೆಗೆದವರ ಪಾಲು ಯಾವುದು ಯಾವುದೆಂದು ಮಕ್ಕಳು ಒಂದು ಗಂಟೆ ವಾದಿಸಿದರು. ನಮ್ಮ ಶಿರಸ್ತ್ರಾಣದ ಕೆಳಗಿರುವ ಚೀಟಿಯಲ್ಲಿ ಹನ್ನೊಂದು ಮಕ್ಕಳ ಹೆಸರುಗಳೂ, ಪ್ರತಿಯೊಬ್ಬರ ಕೆಲಸವೂ ಬರೆದಿರುವುದು ಆ ಚರ್ಚೆಯ ಫಲ.

ಈಗ ನಮ್ಮ ಬಿನ್ನಹ. ಶತಮಾನೋತ್ಸವದ ಕಟ್ಟಡ ಯೋಜನೆಯಲ್ಲಿ ಹಳೆಯ ಕರಕುಶಲ ಕೊಠಡಿಯನ್ನು ಕೆಡವಿ ಅಲ್ಲಿ ಕಂಪ್ಯೂಟರ್ ಕೊಠಡಿ ಕಟ್ಟುವ ಸಲಹೆಯಿದೆ. ಕಂಪ್ಯೂಟರ್ ಬೇಡವೆನ್ನುವವರು ನಾವಲ್ಲ. ಅದಕ್ಕೆ ಪಡು ಬದಿಯ ಖಾಲಿ ತರಗತಿ ಸಾಕು. ಅಲ್ಲಿಗೆ ವಿದ್ಯುತ್ ಸಂಪರ್ಕವೂ ಇದೆ. ಮಣ್ಣು ಕಲಸಲು ನೀರಿನ ತೊಟ್ಟಿ, ಒಣಗಿಸಲು ಬಿಸಿಲಿನ ಜಗಲಿ ಇರುವುದು ಹಳೆಯ ಕೊಠಡಿಗೆ ಮಾತ್ರ. ಒಮ್ಮೆ ಕೆಡವಿದರೆ ಅಂಥದನ್ನು ಇನ್ನೊಮ್ಮೆ ಯಾರೂ ಕಟ್ಟಲಾರರು. ಆಡಳಿತ ಸಮಿತಿಯವರು ತೀರ್ಮಾನಕ್ಕೆ ಮುನ್ನ ಇದನ್ನು ಪರಾಂಬರಿಸಬೇಕೆಂದು ಅಧ್ಯಾಪಕ ವೃಂದದ ಪರವಾಗಿ ವಿನಂತಿಸುತ್ತೇವೆ.

ಹಳೆ ವಿದ್ಯಾರ್ಥಿಗಳಲ್ಲಿ ಬಡಗಿಗಳಿದ್ದೀರಿ, ಕಮ್ಮಾರರಿದ್ದೀರಿ, ವೇಷಭೂಷಣ ಕಟ್ಟುವವರಿದ್ದೀರಿ, ಕೊಲ್ಲಿ ನಾಡುಗಳ ಕಾರ್ಖಾನೆಗಳಲ್ಲಿ ದುಡಿದು ಮರಳಿದವರಿದ್ದೀರಿ. ದೇಣಿಗೆಗೆ ನಾವು ಋಣಿಗಳು. ಅದಕ್ಕಿಂತಲೂ ಹೆಚ್ಚಾಗಿ, ತಿಂಗಳಿಗೊಂದು ಶನಿವಾರ ಬಂದು ನಿಮ್ಮ ಕೈಯ ವಿದ್ಯೆಯನ್ನು ಮಕ್ಕಳಿಗೆ ತೋರಿಸಿಕೊಡಿ ಎಂದು ಬೇಡುತ್ತೇವೆ. ಇಲ್ಲಿ ಮದರಾಸು ಪ್ರಾಂತ್ಯದ ಆಡಳಿತವಿದ್ದ ಕಾಲದಲ್ಲಿ ನಮ್ಮ ಹಿರಿಯರು ಈ ಶಾಲೆಯನ್ನು ತೆರೆದರು. 1956ರಲ್ಲಿ ಗಡಿ ಬದಲಾಯಿತು; ಬಾಗಿಲು ಮುಚ್ಚಲಿಲ್ಲ. ಅದನ್ನು ತೆರೆದಿಡುವ ಹೊಣೆ ಇಂದು ನಮ್ಮದು, ನಿಮ್ಮದು. ಹೊರಡುವ ಮುನ್ನ ತಾವೆಲ್ಲರೂ ಕರಕುಶಲ ಕೊಠಡಿಯನ್ನು ಒಮ್ಮೆ ನೋಡಿ ಹೋಗಬೇಕಾಗಿ ಪ್ರಾರ್ಥಿಸಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.