ಕಲ್ಲಿನೊಳಗಿನ ಕಲ್ಲು

ಬೆಂಗಳೂರಿನ ಲಾಲ್‌ಬಾಗಿಗೆ ಹೋದವರು ಅಲ್ಲಿನ ಬಂಡೆಯನ್ನು ಹತ್ತದೆ ಬರುವುದಿಲ್ಲ. ಕೆಂಪೇಗೌಡರ ಗೋಪುರವನ್ನು ನೋಡಿ, ಸ್ವಲ್ಪ ಹೊತ್ತು ಗಾಳಿಗೆ ಮೈಯೊಡ್ಡಿ ಕುಳಿತು ಇಳಿದುಬರುತ್ತಾರೆ. ಕಾಲಡಿಯ ಕಲ್ಲನ್ನು ಗಮನಿಸುವವರು ಕಡಮೆ. ಬೂದುಬಣ್ಣದ ಆ ನೈಸ್ ಶಿಲೆಯಲ್ಲಿ ಅಲ್ಲಲ್ಲಿ ಕಪ್ಪಗಿನ ತುಣುಕುಗಳು ಹುದುಗಿವೆ. ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ 1975ರಲ್ಲಿ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿತು.

ನಾನು ಇಂದು ಹೇಳಹೊರಟಿರುವುದು ಈ ದೊಡ್ಡ ಅಂಕಿಯ ವಿಷಯವನ್ನಲ್ಲ. ಕಲ್ಲಿನ ವಯಸ್ಸನ್ನು ವರ್ಷಗಳಲ್ಲಿ ಎಣಿಸಲು ಕಲಿಯುವುದಕ್ಕೆ ಬಹಳ ಮುಂಚೆಯೇ ಭೂವಿಜ್ಞಾನಿಗಳು ಇನ್ನೊಂದು ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದರು: ಎರಡು ಶಿಲೆಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ? ಈ ಪ್ರಶ್ನೆಯಲ್ಲಿ ನಾನೊಮ್ಮೆ ಎಡವಿದ್ದೇನೆ. ಅದನ್ನೂ ಹೇಳುತ್ತೇನೆ.

ಡೆನ್ಮಾರ್ಕಿನವನಾದ ಸ್ಟೆನೋ ಎಂಬ ವೈದ್ಯ ಇಟಲಿಯ ಟಸ್ಕನಿ ಪ್ರಾಂತದ ಬೆಟ್ಟಗಳನ್ನು ಕಂಡು 1669ರಲ್ಲಿ ಒಂದು ಪುಟ್ಟ ಗ್ರಂಥವನ್ನು ಪ್ರಕಟಿಸಿದ. ಮರಳು, ಕೆಸರು ನೀರಿನ ತಳದಲ್ಲಿ ಮಟ್ಟಸವಾದ ಪದರಗಳಾಗಿ ಇಳಿಯುತ್ತವೆ. ಆದ್ದರಿಂದ ಕೆಳಗಿನ ಪದರ ಮೊದಲಿನದು, ಮೇಲಿನದು ಅನಂತರದ್ದು. ಪದರ ವಾಲಿದ್ದರೆ, ಅದು ಮೂಡಿದ ಮೇಲೆ ವಾಲಿತೆಂದು ತಿಳಿಯಬೇಕು. ಒಂದು ಶತಮಾನದ ಬಳಿಕ ಸ್ಕಾಟ್ಲೆಂಡಿನ ಹಟನ್ ಮತ್ತೊಂದು ಸೂತ್ರವನ್ನು ಬಳಸಿ ತೋರಿಸಿದ. ಕರಗಿದ ಶಿಲಾರಸ ಒಂದು ಬಂಡೆಯನ್ನು ಸೀಳಿಕೊಂಡು ನುಗ್ಗಿ ಗಟ್ಟಿಯಾಗಿದ್ದರೆ, ಸೀಳಿದ್ದು ಕಿರಿಯದು, ಸೀಳಿಸಿಕೊಂಡದ್ದು ಹಿರಿಯದು. ಗೋಡೆಯ ಬಿರುಕು ಗೋಡೆಗಿಂತ ಹಳೆಯದಾಗಿರಲಾರದಷ್ಟೆ. ಇನ್ನೊಂದು ಸೂತ್ರ, ಒಳಗಿರುವುದು ಹಿರಿಯದೆಂಬುದು. ಕೋಟೆಯ ಗೋಡೆಗೆ ಹಳೆಯ ವೀರಗಲ್ಲೊಂದನ್ನು ಸೇರಿಸಿ ಕಟ್ಟಿದ್ದರೆ, ವೀರಗಲ್ಲು ಗೋಡೆಗಿಂತ ಮೊದಲಿನದೆಂದು ಹೇಳಲು ಶಾಸನತಜ್ಞರು ಬೇಕಿಲ್ಲ. ಚಕ್ಕುಲಿಯೊಳಗಿನ ಎಳ್ಳು ಚಕ್ಕುಲಿಗಿಂತ ಹಳೆಯದು.

ಪದರಗಳು ಮಡಿಚಿ ತಲೆಕೆಳಗಾಗಿದ್ದರೆ? ಅದಕ್ಕೂ ಗುರುತುಗಳಿವೆ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ನೀರಿನೊಳಗೆ ಉಕ್ಕಿದ ಲಾವಾ ದಿಂಬುಗಳ ರಾಶಿಯಂತೆ ಗಟ್ಟಿಯಾಗಿದೆ. ಇಂಥ ದಿಂಬಿನ ಮೇಲ್ಭಾಗ ಉಬ್ಬಿರುತ್ತದೆ. ಕೆಳಭಾಗ ಅಡಿಯ ಎರಡು ದಿಂಬುಗಳ ನಡುವಣ ಸಂದಿಗೆ ಇಳಿದು ಚೂಪಾಗಿರುತ್ತದೆ. ಬೆಟ್ಟವೇ ಮಗುಚಿದ್ದರೂ ದಿಂಬು ತನ್ನ ಮೇಲು ಕೆಳಗನ್ನು ಮರೆತಿರುವುದಿಲ್ಲ.

ಸೂತ್ರಗಳು ಇಷ್ಟು ಸರಳ. ಆದರೂ ನಮ್ಮ ನಾಡಿನ ಶಿಲೆಗಳ ವಿಷಯದಲ್ಲಿ ಹತ್ತಿರ ಹತ್ತಿರ ನೂರು ವರ್ಷ ವಾದ ನಡೆಯಿತು. ನಮ್ಮ ಚಿನ್ನ, ಕಬ್ಬಿಣದ ಅದಿರುಗಳು ಬಹುಮಟ್ಟಿಗೆ ದೊರೆಯುವ ಷಿಸ್ಟ್ ಶಿಲೆಗಳ ಸಮೂಹಕ್ಕೆ ಧಾರವಾಡದ ಹೆಸರನ್ನಿಟ್ಟವರು ರಾಬರ್ಟ್ ಬ್ರೂಸ್ ಫೂಟ್. ನೈಸ್ ಶಿಲೆಯೇ ತಳಹದಿ, ಧಾರವಾಡ ಶಿಲೆಗಳು ಅದರ ಮೇಲೆ ಕುಳಿತಿವೆ ಎಂಬುದು 1888ರ ಲೇಖನದಲ್ಲಿ ಅವರು ಮಂಡಿಸಿದ ಮತ. ಅವರ ಅನಂತರ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯನ್ನು ನಡೆಸಿದ ಸ್ಮೀತ್ ಇದನ್ನು ತಿರುಗಿಸಿಹಾಕಿದರು. ನೈಸ್ ಶಿಲೆ ಷಿಸ್ಟನ್ನು ಸೀಳಿಕೊಂಡು ನುಗ್ಗಿದೆ; ಷಿಸ್ಟಿನ ತುಂಡುಗಳು ನೈಸಿನೊಳಗೆ ಸಿಕ್ಕಿಕೊಂಡಿವೆ. ಆದ್ದರಿಂದ ಧಾರವಾಡ ಶಿಲೆಗಳೇ ಎಲ್ಲಕ್ಕಿಂತ ಹಿರಿಯವು ಎಂದು ಅವರ 1916ರ ಸಮೀಕ್ಷೆ ನಿರ್ಣಯಿಸಿತು. ಇವು ಪ್ರಾಣಿಗಳು ಹುಟ್ಟುವ ಮೊದಲಿನ ಶಿಲೆಗಳು. ಬೇರೆಡೆಯಂತೆ ಶಂಖ, ಮೀನುಗಳ ಪಳೆಯುಳಿಕೆಗಳನ್ನು ಹೋಲಿಸಿ ವ್ಯಾಜ್ಯ ತೀರಿಸುವಂತೆಯೂ ಇರಲಿಲ್ಲ.

ನಾನು ವಿದ್ಯಾರ್ಥಿಯಾಗಿ ಬರೆದುಕೊಂಡದ್ದು ಸ್ಮೀತರ ಕ್ರಮವನ್ನು. ಅರವತ್ತರ ದಶಕದಲ್ಲಿ ಒಂದು ಕಾಲೇಜಿನಲ್ಲಿ ಅಧ್ಯಾಪಕನಾದಾಗ ಹೇಳಿಕೊಟ್ಟದ್ದೂ ಅದನ್ನೇ. ತರೀಕೆರೆಯ ಕಡೆಯಿಂದ ಬಂದ ವಿದ್ಯಾರ್ಥಿಯೊಬ್ಬ ಪರೀಕ್ಷೆಯಲ್ಲಿ ಕ್ರಮವನ್ನು ತಿರುವುಮುರುವಾಗಿ ಬರೆದಿದ್ದ. ಕರೆದು ಕೇಳಿದೆ. ಕಲ್ದುರ್ಗದ ಬಳಿ ಧಾರವಾಡ ಶಿಲೆಯೊಳಗೆ ಗ್ರಾನೈಟಿನ ಉಂಡೆಗಲ್ಲುಗಳನ್ನು ತಾನು ಕಣ್ಣಾರೆ ಕಂಡಿದ್ದೇನೆಂದ. “ಒಳಗಿರುವುದು ಹಿರಿಯದು ಎಂದು ನೀವೇ ಹೇಳಿದಿರಲ್ಲ ಸಾರ್. ಹಳೆಯ ನೆಲವೇ ಇಲ್ಲದಿದ್ದರೆ ಆ ಕಲ್ಲುಗಳನ್ನು ಹೊಳೆ ಎಲ್ಲಿಂದ ತಂದಿತು?”

ಅದಕ್ಕೆ ಉತ್ತರ ನನ್ನ ಟಿಪ್ಪಣಿಯಲ್ಲಿ ಸಿದ್ಧವಾಗಿತ್ತು. ಅವು ಹೊಳೆ ತಂದ ಕಲ್ಲುಗಳಲ್ಲ, ಭೂಮಿಯ ಒತ್ತಡಕ್ಕೆ ಶಿಲೆ ಇದ್ದಲ್ಲೇ ಪುಡಿಯಾಗಿ ಉರುಟಾದ ಚೂರುಗಳು ಎಂದೆ. ಕಲ್ದುರ್ಗವನ್ನು ನಾನು ನೋಡಿರಲಿಲ್ಲ. ಅವನ ಉತ್ತರಕ್ಕೆ ಸೊನ್ನೆ ಹಾಕಿದೆ.

ಮುಂದೆ ವಿಷಯ ತಿಳಿಯಾದ ಬಗೆ ಸ್ವಾರಸ್ಯಕರವಾಗಿದೆ. ಸರ್ವೇಕ್ಷಣ ಸಂಸ್ಥೆಯ ಸ್ವಾಮಿನಾಥ್ ಮತ್ತು ರಾಮಕೃಷ್ಣನ್ 1981ರಲ್ಲಿ ದಕ್ಷಿಣ ಕರ್ನಾಟಕದ ಷಿಸ್ಟ್‌ಗಳನ್ನು ಕುರಿತ ದೊಡ್ಡ ಗ್ರಂಥವನ್ನು ಹೊರತಂದರು. ನಾವು ಒಂದೆಂದು ಭಾವಿಸಿದ್ದ ಷಿಸ್ಟ್ ಎರಡು ತಲೆಮಾರಿನದು ಎಂಬುದು ಅವರ ವಿಂಗಡಣೆಯ ಸಾರ. ನೈಸಿನೊಳಗೆ ತುಣುಕುಗಳಾಗಿ ಸಿಕ್ಕಿಕೊಂಡ ಹಿರಿಯ ಶಿಲೆಗಳಿಗೆ ಆಗ ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಸೇರಿದ್ದ ಸರಗೂರಿನ ಹೆಸರು ನಿಂತಿತು. ನೈಸಿನ ನೆಲ ಸವೆದ ಮೇಲೆ, ಅದರದೇ ಉಂಡೆಗಲ್ಲುಗಳನ್ನು ಹೊತ್ತು ಮೂಡಿದ ಕಿರಿಯ ಶಿಲೆಗಳಿಗೆ ಧಾರವಾಡದ ಹೆಸರು ಉಳಿಯಿತು. ಫೂಟ್ ನೋಡಿದ್ದೂ ನಿಜ, ಸ್ಮೀತ್ ನೋಡಿದ್ದೂ ನಿಜ. ವಿಕಿರಣದ ಗಡಿಯಾರಗಳೂ ಇದನ್ನೇ ಸಮರ್ಥಿಸಿದವು: ನೈಸಿನ ಬಹುಭಾಗ 340ರಿಂದ 300 ಕೋಟಿ ವರ್ಷ ಹಿಂದಿನದು, ಧಾರವಾಡ ಶಿಲೆಗಳು 290ರಿಂದ 260 ಕೋಟಿ ವರ್ಷ ಹಿಂದಿನವು.

ಸೂತ್ರಗಳು ಎಲ್ಲಿಯೂ ತಪ್ಪಿರಲಿಲ್ಲ. ಮೊದಲು, ಆಮೇಲೆ ಎಂದು ತೀರ್ಮಾನಿಸುವ ಮುನ್ನ, ಅಲ್ಲಿ ಕಂಡದ್ದೂ ಇಲ್ಲಿ ಕಂಡದ್ದೂ ಒಂದೇ ಶಿಲೆಯೇ ಎಂದು ಕೇಳಬೇಕಾಗಿತ್ತು. ಬಣ್ಣ, ಮೈಕಟ್ಟು ಒಂದೇ ಬಗೆಯಾಗಿದ್ದುದರಿಂದ ಆ ಪ್ರಶ್ನೆ ನಮಗೆ ಹೊಳೆಯಲಿಲ್ಲ. ಆ ಹುಡುಗನಿಗೂ ಪೂರ್ತಿ ಉತ್ತರ ತಿಳಿದಿರಲಿಲ್ಲ; ಆದರೆ ಅವನು ಕಲ್ಲನ್ನು ನೋಡಿದ್ದ, ನಾನು ಟಿಪ್ಪಣಿಯನ್ನು ನೋಡಿದ್ದೆ. ಕೆಲವು ವರ್ಷಗಳ ಮೇಲೆ ನಾನು ಕಲ್ದುರ್ಗಕ್ಕೆ ಹೋದೆ. ಬಂಡೆಯಲ್ಲಿ ಮುಷ್ಟಿಗಾತ್ರದ ಉರುಟುಗಲ್ಲುಗಳು ಹೊಳೆಯಲ್ಲಿ ಬಿದ್ದಂತೆಯೇ ಬಿದ್ದಿದ್ದವು. ಸೊನ್ನೆಯನ್ನು ತಿದ್ದಲು ಆಗ ದಾರಿಯಿರಲಿಲ್ಲ.

ಇನ್ನೊಮ್ಮೆ ಲಾಲ್‌ಬಾಗಿನ ಬಂಡೆ ಹತ್ತಿದಾಗ, ಆ ಕಪ್ಪು ತುಣುಕೊಂದರ ಮೇಲೆ ಬೆರಳಿಟ್ಟು ನೋಡಿ. ಸುತ್ತಲಿನ ಬಂಡೆಗಿಂತ ಅದು ಹಿರಿಯದು. ಇಷ್ಟನ್ನು ತಿಳಿಯಲು ಯಾವ ಯಂತ್ರವೂ ಬೇಕಿಲ್ಲ, ಬಗ್ಗಿ ನೋಡಿದರೆ ಸಾಕು.